ಅವರ ಕೈಯಲ್ಲಿ ಕಲಸಿದ್ದು

"ಹಲೋ… ಯಾರು ಮಾತಾಡೋದು?… ಹಾಂ, ಕೋಳಿ ಡಾಕ್ಟ್ರಾ! ಬೆಳಿಗ್ಗೆಯಿಂದ ನಿಮ್ಮ ಫೋನಿಗೇ ಕಾಯ್ತಿದ್ದೆ. ಸತ್ತ ಕೋಳೀನ ಕೊಯ್ದು ನೋಡಿದ್ರಾ?…"

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಮುದುಕಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಒಳಗೆ ಬ್ರಾಯ್ಲರ್ ಕೋಳಿಗಳು ರೆಕ್ಕೆ ಇಳಿಬಿಟ್ಟು, ಮೇವಿನ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದವು.

"ಲಿವರ್ ಹಳದಿ ಆಗಿತ್ತಾ? ಅಯ್ಯೋ ಭಗವಂತ… ರೋಗ ಅಲ್ವಾ? ಮತ್ತೆ?… ವಿಷ? ನಮ್ಮ ಶೆಡ್ಡಲ್ಲಿ ಯಾರು ಹಾಕ್ತಾರೆ ವಿಷ?…"

"ಮೇವು ಅದೇ ಅಂಗಡೀದು… ಪಕ್ಕದ ಶೆಡ್ಡಿನ ಮೈದುನನೂ ಅದನ್ನೇ ಹಾಕೋದು. ಅವನ ಕೋಳಿಗಳು ಅವನನ್ನೇ ಕುಕ್ಕಿ ತಿನ್ನೋ ಹಾಗಿವೆ… ನಾನು ಬೇರೆ ಏನೂ ಹಾಕಿಲ್ಲ ಅಂತ ಆಗ್ಲೇ ಹೇಳಿದೆನಲ್ಲ. ನಮ್ಮೆಜಮಾನ್ರ ಪುಡಿ ಒಂದೇ."

"ಹಾಂ, ಅದೇ. ಬೆಳ್ಳುಳ್ಳಿ ಜಜ್ಜಿ, ಅರಿಶಿನ, ನುಗ್ಗೆಸೊಪ್ಪು ಸೇರಿಸಿ ಕಲಸ್ತಿದ್ರಲ್ಲ. ನಿಮ್ಮಿಂದ ನನ್ನ ಕಸುಬಿಗೇ ಕುತ್ತು ಯಜಮಾನ್ರೇ ಅಂತ ನೀವೇ ನಗ್ತಿದ್ರಿ… ಇಲ್ಲ, ನಾನು ಕಲಸಿದ್ದಲ್ಲ. ಅವರೇ."

"ಯಾವಾಗ ಅಂದ್ರೆ… ತೀರಿಹೋಗೋ ಮುಂಚೆ. ಮಳೆಗಾಲಕ್ಕೂ ಮುಂಚೆ… ಒಂದು ಡಬ್ಬ ತುಂಬಿಟ್ಟಿದ್ರು, ಅದನ್ನ ಮುಟ್ಟೋಕೆ ಮನಸ್ಸೇ ಬರ್ಲಿಲ್ಲ. ದಿನಾ ಡಬ್ಬಕ್ಕೆ ಕೈ ಮುಗೀತಿದ್ದೆ. ಈ ಮರಿಗಳು ಬಂದಾಗ, ಅವರ ಕೈಯಿಂದ್ಲೇ ತಿನ್ಲಿ ಅಂತ…"

"ವಾಸನೇನಾ? ಬೆಳ್ಳುಳ್ಳಿ ವಾಸನೆ. ಅವರ ಅಂಗೀದೂ ಅದೇ ವಾಸನೆ ಅಲ್ವಾ… ಬೂಷ್ಟು? ಹಸಿರಾಗಿ ಏನೋ ಇತ್ತು… ನಾನದನ್ನ ನುಗ್ಗೆಸೊಪ್ಪು ಅಂದ್ಕೊಂಡೆ ಡಾಕ್ಟ್ರೇ."

ಮುದುಕಿ ಹತ್ತಿರದ ಮೇವಿನ ತಟ್ಟೆಯನ್ನು ಕಾಲಿನಿಂದ ಆಚೆ ತಳ್ಳಿದಳು.

"ಆ ಬೂಷ್ಟೇ ವಿಷಾನಾ?… ಇವತ್ತೇ ನಿಲ್ಲಿಸಿದ್ರೆ ಉಳಿದವು ಬದುಕ್ತಾವಾ?… ಬದುಕಬಹುದು ಅಂತೀರಾ? ಹಾಂ… ಪೂರ್ತಿ ಹೂಳ್ಬೇಕಾ? ಒಂದು ಹಿಡಿ ಇಟ್ಕೊಂಡ್ರೆ?… ಇಲ್ಲಪ್ಪ, ಕೋಳಿಗಲ್ಲ. ನನಗೆ."

"…ತಿನ್ನೋಕಲ್ಲ. ಡಬ್ಬ ತುಂಬಿದ ಮೇಲೆ ಅವರು ಪುಡೀನ ಅಂಗೈಯಲ್ಲಿ ಒತ್ತಿಡೋರು. ಬೆರಳೆಲ್ಲಾ ಹಾಗೇ ಮೂಡಿವೆ. ಅದು ಅಳಿಸದ ಹಾಗೆ ನಾನು ಪಕ್ಕದಿಂದ್ಲೇ ಕೆದಕಿ ತಗೊಳ್ತಿದ್ದೆ…"

"ಇಡ್ಬೇಡಿ! ನೀವು ಫೋನಲ್ಲೇ ಇರಿ, ಈಗ್ಲೇ ಹಾಕ್ಬಿಡ್ತೀನಿ. ಸತ್ತ ಕೋಳಿ ಹಾಕೋ ಗುಂಡಿಗೇ ಅಲ್ವಾ?…"

ಡಬ್ಬ ಎತ್ತಿಕೊಂಡು ಶೆಡ್ಡಿನ ಹಿಂದಕ್ಕೆ ಹೋದಳು. ಗುಂಡಿಯ ಮೇಲೆ ಅದನ್ನು ಬಾಗಿಸಿದಾಗ ಅವಳ ಕಣ್ಣು ಮುಚ್ಚಿತ್ತು.

"ಬಿತ್ತು… ಆದ್ರೆ ಪುಡಿಯಾಗ್ಲಿಲ್ಲ ಡಾಕ್ಟ್ರೇ. ಗಟ್ಟಿ ಕಟ್ಕೊಂಡು ಇಡಿಯಾಗೇ ಹೊರಳಿದೆ. ಅವರ ಅಂಗೈ ಗುರುತು ಮೇಲಕ್ಕೇ ಇದೆ… ಮಣ್ಣು ಹಾಕ್ಬೇಕು, ಗೊತ್ತು… ಅವರ ಮೇಲೆ ಒಂದ್ಸಲ ಹಾಕಿ ಬಂದಿದೀನಲ್ಲ. ಮತ್ತೆ ಹೇಗೆ… ಹಲೋ?… ಇದ್ದೀರಾ? ಹಲೋ…"

ಕರೆ ಕಡಿದುಹೋಗಿತ್ತು. ಸತ್ತ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡೇ, ದೇವರ ಹೆಸರು ಹೇಳುತ್ತಾ, ಅವಳು ಎರಡೂ ಕೈಯಲ್ಲಿ ಮಣ್ಣು ಬಾಚಿಕೊಂಡಳು.