ತಣ್ಣೀರಿನ ಮೀನಿನ ತೊಟ್ಟಿಯ ಹೀಟರ್ ಪ್ಲಗ್ ಕಿತ್ತ ಬಗ್ಗೆ

ಮೇಲಿನ ಕಾಲಮಿನಲ್ಲಿ ಹೆಸರು ಬರೆಸಿರುವ ನಾನು, ವಯಸ್ಸು 38 ವರ್ಷ, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ, ವಾಸ ನೀರಿನ ಟ್ಯಾಂಕಿನ ಹಿಂದಿನ ರಸ್ತೆಯ ಮೂರು ಮಹಡಿ ಕಟ್ಟಡದ ಕೆಳಮನೆ, ಠಾಣೆಗೆ ಖುದ್ದು ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ ತೀರಿಕೊಂಡು ಐದು ತಿಂಗಳಾಗಿದೆ. ಅವರು ಸಾಕಿದ್ದ ಐದು ಗೋಲ್ಡ್‌ಫಿಶ್‌ಗಳು ಮುಂದಿನ ಕೋಣೆಯಲ್ಲಿ ಮೂರು ಅಡಿ ಉದ್ದದ ಗಾಜಿನ ತೊಟ್ಟಿಯಲ್ಲಿವೆ. ಮೀನಿನ ವಿಷಯ ನನಗೆ ಗೊತ್ತಿಲ್ಲ. ಬೆಳಿಗ್ಗೆ ಒಂದು ಚಿಟಿಕೆ ಆಹಾರ ಹಾಕುತ್ತೇನೆ, ಅಷ್ಟೇ. ಈ ತಿಂಗಳ 2ನೇ ತಾರೀಖು ಚಳಿ ಹೆಚ್ಚಾಗಿ ಮೀನುಗಳು ತಳದಲ್ಲಿ ಅಲ್ಲಾಡದೆ ನಿಂತಿದ್ದವು. ಇವೂ ಹೋಗಿಬಿಡುತ್ತವೆ ಎಂದು ಹೆದರಿ, ಮೀನಿನ ಸಾಮಾನು ಮಾರುವ ಅಂಗಡಿಯಿಂದ ತೊಟ್ಟಿಯ ನೀರು ಬಿಸಿ ಮಾಡುವ ಹೀಟರ್ ತಂದು ಹಾಕಿದೆ. ಯಾವ ಮೀನು ಎಂದು ಅಂಗಡಿಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

3ರಂದು ಬೆಳಿಗ್ಗೆ 8.40ಕ್ಕೆ ಬೀಗ ಹಾಕಿ ಹೋದೆ. ಸಂಜೆ 6.15ಕ್ಕೆ ಬಂದಾಗ ಬೀಗ ಹಾಗೇ ಇತ್ತು. ಒಳಗೆ ಹೀಟರಿನ ಪ್ಲಗ್ ಕಿತ್ತು, ವೈರನ್ನು ಸುತ್ತಿ ಇಡಲಾಗಿತ್ತು. ನಾನೇ ಮರೆತಿರಬೇಕು ಎಂದುಕೊಂಡು ಮತ್ತೆ ಹಾಕಿದೆ. 4 ಮತ್ತು 5ರಂದೂ ಹೀಗೇ ಆಯಿತು. 6ರಂದು ಪ್ಲಗ್ ಮೇಲೆ ಟೇಪ್ ಅಂಟಿಸಿ ಹೋದೆ. ಸಂಜೆ ನೋಡಿದರೆ ಟೇಪನ್ನು ಹರಿಯದಂತೆ ಬಿಡಿಸಿ ಗೋಡೆಗೆ ಅಂಟಿಸಿದ್ದರು. ಕನ್ನಡಕದ ಅಂಗಡಿಯ ಜೊತೆಗಾತಿ ನನಗೇ ತಲೆ ಕೆಟ್ಟಿದೆ ಎಂದಳು. ನನಗೂ ಹಾಗೇ ಅನಿಸಿತ್ತು. ಅಂದು ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿ ಮಾಲೀಕರಿಂದ ಬೈಸಿಕೊಂಡಿದ್ದೆ.

7ರಂದು ಠಾಣೆಗೆ ಬಂದು ದೂರು ಹೇಳಿದೆ. ಏನು ಕಳುವಾಗಿದೆ ಎಂದು ಕೇಳಿದರು. ಏನೂ ಇಲ್ಲ ಎಂದೆ. ಹಾಗಾದರೆ ದೂರು ಏನು ಎಂದರು. ಯಾರೋ ಬೀಗ ತೆಗೆದು ಮನೆಯೊಳಗೆ ಬಂದು ಹೋಗುತ್ತಿದ್ದಾರೆ ಎಂದು ಬರೆಸಿದೆ, ನಾಳೆ ಪೇದೆಯನ್ನು ಕಳಿಸುತ್ತೇವೆ ಎಂದರು.

ಇಂದು 8ನೇ ತಾರೀಖು ಮಧ್ಯಾಹ್ನ 12.20ಕ್ಕೆ ಪೇದೆಯವರೊಂದಿಗೆ ಮನೆಗೆ ಹೋದೆ. ಒಳಗಿನಿಂದ ಚಿಲಕ ಹಾಕಿತ್ತು. ತಟ್ಟಿದಾಗ ತೆರೆದವರು ನನ್ನ ಅತ್ತೆ. ಅವರ ಬಲಗೈ ಮೊಣಕೈವರೆಗೆ ಒದ್ದೆಯಾಗಿತ್ತು. ಅತ್ತೆ 400 ಮೀಟರ್ ದೂರದ ನಾದಿನಿಯ ಮನೆಯಲ್ಲಿದ್ದಾರೆ. ಮಗನನ್ನು ಸಮಯಕ್ಕೆ ಆಸ್ಪತ್ರೆಗೆ ಸೇರಿಸಲಿಲ್ಲ ಎಂದು ನನ್ನನ್ನು ಅಂದ ದಿನದಿಂದ ನಮ್ಮಿಬ್ಬರಿಗೆ ಮಾತಿಲ್ಲ. ಗಂಡ ಅವರಿಗೊಂದು ಕೀಲಿ ಕೊಟ್ಟಿದ್ದು ನನಗೆ ಗೊತ್ತಿರಲಿಲ್ಲ.

ಇವು ತಣ್ಣೀರಿನ ಮೀನು, ಚಳಿಗೆ ಮಂಕಾಗುತ್ತವೆ, ಸಾಯುವುದಿಲ್ಲ, ನೀರು ಬಿಸಿಯಾದರೇ ಉಸಿರು ಕಟ್ಟುವುದು ಎಂದು ಮಗ ಹೇಳಿದ್ದನೆಂದು ಅತ್ತೆ ಪೇದೆಯವರಿಗೆ ತಿಳಿಸಿದರು. ಐದು ತಿಂಗಳಿಂದ ವಾರಕ್ಕೊಮ್ಮೆ ಬಂದು ನೀರು ಬದಲಿಸುತ್ತಿದ್ದರಂತೆ. ಹೀಟರ್ ಕಂಡ ಮೇಲೆ ದಿನಾ ಬಂದರಂತೆ. ತೊಟ್ಟಿಗೆ ಹಾಕಿರುವ ಮೋಟಾರೇ ನೀರು ಶುದ್ಧ ಮಾಡುತ್ತದೆ ಎಂದು ನಾನು ತಿಳಿದಿದ್ದೆ.

ನನಗೆ ಏಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಹೇಳಿದ ಮಾತನ್ನು ಹಾಗೇ ಬರೆಸಿದ್ದೇನೆ: "ಹೇಳಿದ್ರೆ ನೀನು ಬೀಗ ಬದಲಾಯಿಸ್ತೀಯ ಅಂದ್ಕೊಂಡೆ. ಆಮೇಲೆ ನಾನು ಎಲ್ಲಿಗೆ ಹೋಗ್ಲಿ?"

ಬದಲಾಯಿಸುತ್ತಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಹೋದ ವಾರವಾಗಿದ್ದರೆ ಬದಲಾಯಿಸುತ್ತಿದ್ದೆ ಎನಿಸುತ್ತದೆ. ಅರ್ಧಕ್ಕೆ ಬಿಟ್ಟಿದ್ದ ನೀರು ಬದಲಿಸುವ ಕೆಲಸ ಮುಗಿಸಬೇಕು ಎಂದು ಅತ್ತೆ ಹೇಳಿದರು. ಅವರು ಪೈಪ್ ಹಿಡಿದರು, ನಾನು ಬಕೆಟ್ ಹಿಡಿದೆ. 1.05ಕ್ಕೆ ಮುಗಿಯಿತು. ಅಷ್ಟು ಹೊತ್ತೂ ಪೇದೆಯವರು ಬಾಗಿಲಲ್ಲೇ ನಿಂತಿದ್ದರು.

ದೂರನ್ನು ಹಿಂಪಡೆಯುತ್ತೇನೆ. ಅತ್ತೆಯಿಂದ ಕೀಲಿಯನ್ನು ವಾಪಸ್ ಕೊಡಿಸಬೇಕೇ ಎಂದು ಠಾಣೆಯವರು ಕೇಳಿದರು. ಬೇಡ ಎಂದೆ. ಕಾರಣ ಏನೆಂದು ಬರೆಯಲಿ ಎಂದರು. ಅತ್ತೆ ನನಗೆ ಅಂದದ್ದನ್ನು ನಾನು ಮರೆತಿಲ್ಲ, ಅವರೂ ಅದನ್ನು ಹಿಂತೆಗೆದುಕೊಂಡಿಲ್ಲ. ಆದರೂ ಕೀಲಿ ಅವರ ಹತ್ತಿರವೇ ಇರಲಿ. ಇದಕ್ಕಿಂತ ಹೆಚ್ಚು ನನಗೆ ತಿಳಿಯುತ್ತಿಲ್ಲ.

ನಾನು ಹೇಳಿದಂತೆಯೇ ಬರೆದಿದ್ದಾರೆ. ಓದಿಸಿ ಕೇಳಿಸಿಕೊಂಡೆ, ನಿಜವಿದೆ.

ಸ್ಥಳ: ಠಾಣೆಯ ಮುಂದಿನ ಕೊಠಡಿ
ದಿನಾಂಕ: 8, ಮಧ್ಯಾಹ್ನ 2.30
ಸಹಿ/- ಹೇಳಿಕೆ ಕೊಟ್ಟವಳು