ದಡ ಕಾಣದ ನೀರು

ಯುದ್ಧದ ಕಾಲ. ಹೊಸಪೇಟೆ ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಬುಕ್ಕಸಾಗರದಲ್ಲಿ ಹರಿಗೋಲು ನಡೆಸುವ ಹುಲುಗಮ್ಮ. ಜೊತೆಗೆ ರಜೆ ಮುಗಿಸಿ ನೌಕಾಪಡೆಯ ಹಡಗಿಗೆ ಹೊರಟಿದ್ದ ಅವಳ ಮಗ ಗಾಳೆಪ್ಪ.

“ಹಡಗು ಎಷ್ಟು ದೊಡ್ಡದೈತಲೇ?”

“ನಮ್ಮೂರು ಪೂರ್ತಿ ಕುಂದ್ರತೈತವ್ವ.”

“ಯವ್ವಾ! ನಡೆಸಾವ ಯಾರು?”

“ಕ್ಯಾಪ್ಟನ್.”

“ದಡ ಬಿಡೂಕಿಂತ ಮೊದ್ಲು ಗಂಗಮ್ಮಗ ಕಾಯಿ ಒಡೀತಾನೇನು?”

“ಇಲ್ಲವ್ವ. ಸೀಟಿ ಊದಿ ಹೊರಡೋದು.”

“ಆಚೆ ದಡ?”

“ಕಾಣಂಗಿಲ್ಲ. ಎತ್ತ ನೋಡಿದ್ರೂ ನೀರು.”

ಹುಲುಗಮ್ಮ ಮಡಿಲು ಮುಟ್ಟಿ ನೋಡಿಕೊಂಡಳು.

“ಕ್ಯಾಪ್ಟನ್‌ಗಿಂತ ದೊಡ್ಡಾವ ಯಾರು?”

“ಅಡ್ಮಿರಲ್. ಎಲ್ಲಾ ಹಡಗಿಗೂ ಅವನೇ ದೊಡ್ಡಾವ.”

“ಅವನಿಗಿಂತ?”

ಗಾಳೆಪ್ಪ ತಲೆ ಮೇಲಿನ ಟೋಪಿ ಸರಿಮಾಡಿಕೊಂಡ.

ಹುಲುಗಮ್ಮ ಮಡಿಲಿನಿಂದ ತೆಂಗಿನಕಾಯಿ ತೆಗೆದಳು. “ದಡ ಮರೆ ಆಗೂಕಿಂತ ಮೊದ್ಲು ಗಂಗಮ್ಮಗ ಒಡಿ.”

ರೈಲು ಬಂತು. ಗಾಳೆಪ್ಪ ಟೋಪಿ ತೆಗೆದು, ಎರಡೂ ಕೈಯಲ್ಲಿ ಕಾಯಿ ಇಸಕೊಂಡ.