ಖಾಲಿ ಸಾಲಿನಲ್ಲಿದ್ದ ನಾಲ್ವರು

ಇಂದು ಬೆಳಿಗ್ಗೆ 11.40ಕ್ಕೆ ಠಾಣೆಯಲ್ಲಿ ದಾಖಲಾದ ಕಾಣೆ ದೂರಿನಲ್ಲಿ ದೂರುದಾರನೆಂದು ನಮೂದಾದ ಹೆಸರು, ವಿಳಾಸದವನೂ, 69 ವರ್ಷ ವಯಸ್ಸಿನವನೂ, ಮುದ್ರಣಾಲಯದಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿ ನಿವೃತ್ತನಾದವನೂ ಆದ ನಾನು ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಅಕ್ಕ, 76 ವರ್ಷ, ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ದಿನಗಳಿಂದ ಆಸ್ಪತ್ರೆಯ ಹಳೆಯ ಕಟ್ಟಡದ ಮೂರನೆಯ ವಾರ್ಡಿನಲ್ಲಿದ್ದರು. ವಾಕರ್ ಇಲ್ಲದೆ ಹತ್ತು ಹೆಜ್ಜೆ ನಡೆಯಲಾರರು. ಸಕ್ಕರೆ ಕಾಯಿಲೆಯಿದೆ. ಹೊತ್ತಿಗೆ ಸರಿಯಾಗಿ ಊಟವಾಗದಿದ್ದರೆ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಇಂದು ಬೆಳಿಗ್ಗೆ ರೋಗಿಗಳನ್ನೆಲ್ಲ ಇನ್ನೂರು ಮೀಟರ್ ದೂರದ ಹೊಸ ಕಟ್ಟಡಕ್ಕೆ ಸಾಗಿಸಲಾಗಿತ್ತು.

ನಾನು 9.10ಕ್ಕೆ ಹಳೆಯ ವಾರ್ಡಿಗೆ ಹೋದಾಗ ಮಂಚಗಳೆಲ್ಲ ಬರಿದಾಗಿದ್ದವು. ಅಕ್ಕನ ಮಂಚದ ಪಕ್ಕ ವಾಕರ್ ನಿಂತಿತ್ತು. ಕಿಟಕಿಯ ಕಟ್ಟೆಯ ಮೇಲೆ ಅವರ ಕನ್ನಡಕವಿತ್ತು. ಎರಡನ್ನೂ ಎತ್ತಿಕೊಂಡು 9.20ಕ್ಕೆ ಹೊಸ ಕಟ್ಟಡದ ವಿಚಾರಣೆ ಕೌಂಟರಿಗೆ ಹೋದೆನು. ಅಲ್ಲಿನ ಗುಮಾಸ್ತರು ವಾರ್ಡುವಾರು ಹೆಸರಿದ್ದ ಹಾಳೆಯ ಮೇಲೆ ಬೆರಳಾಡಿಸಿ, ‘ಇದರಲ್ಲಿಲ್ವಲ್ಲ ಯಜಮಾನ್ರೇ, ಡಿಸ್ಚಾರ್ಜ್ ಆಗಿ ಮನೆಗೆ ಹೋಗಿರ್ತಾರೆ ನೋಡಿ’ ಎಂದರು. ವಾಕರ್ ಬಿಟ್ಟು ಹೇಗೆ ಹೋದರೆಂದು ಕೇಳಿದ್ದಕ್ಕೆ, ಅದೆಲ್ಲ ಹಾಳೆಯಲ್ಲಿ ಬರುವುದಿಲ್ಲ ಎಂದರು.

ಮೂರು ಮಹಡಿ, ಆರು ವಾರ್ಡು ಹತ್ತಿ ಇಳಿದೆನು. ಎಲ್ಲ ಕಡೆಯೂ ನರ್ಸುಗಳು ಮಂಚಗಳತ್ತ ನೋಡದೆ ಅದೇ ಹಾಳೆಯನ್ನು ನೋಡಿ ಇಲ್ಲವೆಂದರು. ಮೂವತ್ತೊಂದು ವರ್ಷದ ಹಿಂದೆ ನಮ್ಮ ತಂದೆ ಇದೇ ಆಸ್ಪತ್ರೆಯಲ್ಲಿದ್ದಾಗ ಹೆಡ್ ನರ್ಸ್ ದಿನಕ್ಕೆರಡು ಸಲ ರೋಗಿಗಳ ಕಾಲು ಮುಟ್ಟಿ ಎಣಿಸುತ್ತಿದ್ದರು. ಇದು ಹೇಳಿಕೆಗೆ ಅಗತ್ಯವಿಲ್ಲವೆಂದು ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೆಬಲ್ ತಿಳಿಸಿದರು. ಅಗತ್ಯವಿದೆಯೆಂದು ನಾನು ಕೋರಿ ಬರೆಸಿದ್ದೇನೆ.

10.50ಕ್ಕೆ ಮನೆಗೆ ಹೋಗಿ ನೋಡಿದೆನು. ನಾನು ಹಾಕಿದ ಬೀಗ ಹಾಗೆಯೇ ಇತ್ತು. ಅಲ್ಲಿಂದ ನೇರ ಠಾಣೆಗೆ ಬಂದು ದೂರು ಕೊಟ್ಟೆನು.

12.15ಕ್ಕೆ ಸದರಿ ಹೆಡ್ ಕಾನ್‌ಸ್ಟೆಬಲ್ ಜೊತೆ ಆಸ್ಪತ್ರೆಗೆ ಮರಳಿದೆನು. ಕೌಂಟರಿನ ಗೋಡೆಗೆ ನಿನ್ನೆಯ ಹಾಳೆ ಇನ್ನೂ ಅಂಟಿಕೊಂಡಿತ್ತು. ಹಾಳೆಯ ಕೊನೆಯ ಸಾಲನ್ನು ಮೊದಲು ಓದುವುದು ನನ್ನ ವೃತ್ತಿಯ ಚಟ. ನಿನ್ನೆಯ ಒಟ್ಟು 118, ಇಂದಿನ ಒಟ್ಟು 114. ವಿಚಾರಿಸಲಾಗಿ, ಇಂದು ಡಿಸ್ಚಾರ್ಜ್ ಆದವರೂ ಇಲ್ಲ, ಹೊಸದಾಗಿ ಸೇರಿದವರೂ ಇಲ್ಲ. ಹೆಡ್ ಕಾನ್‌ಸ್ಟೆಬಲ್, ‘ಹಾಗಾದ್ರೆ ಒಬ್ರಲ್ಲ ಸಾರ್, ನಾಲ್ಕು ಜನ ಕಾಣೆ’ ಎಂದರು. ಬೆಳಿಗ್ಗೆಯಿಂದ ಎಲ್ಲಿಯೂ ಕೂರದಿದ್ದ ನಾನು ಆಗ ಕುಳಿತೆನು.

12.50ಕ್ಕೆ ಕಂಪ್ಯೂಟರ್ ಕೋಣೆಗೆ ಹೋದೆವು. ಆಪರೇಟರ್ ಹೆಣ್ಣುಮಗಳು ವಿವರಿಸಿದ್ದೇನೆಂದರೆ, ರೋಗಿಗಳ ದಾಖಲೆ ಡೇಟಾಬೇಸಿನಲ್ಲಿರುತ್ತದೆ. ಬೆಳಿಗ್ಗೆ ತಾವು ಒಂದು ಬಟನ್ ಒತ್ತಿದರೆ, ತಾವೇ ಬರೆದಿಟ್ಟ ಮ್ಯಾಕ್ರೊ ಎಂಬ ಕಿರು ಪ್ರೋಗ್ರಾಂ ಅದಕ್ಕೆ ಕ್ವೆರಿ, ಅಂದರೆ ಪ್ರಶ್ನೆ, ಕಳಿಸಿ ಎಲ್ಲರ ವಿವರ ತಂದು, ವಾರ್ಡುವಾರು ಗುಂಪು ಮಾಡಿ ಪಿವೋಟ್ ಟೇಬಲ್ ಎಂಬ ಲೆಕ್ಕದ ಪಟ್ಟಿ ಕಟ್ಟುತ್ತದೆ. ವಾರ್ಡು ನಮೂದಾಗದವರು ‘ಖಾಲಿ’ ಎಂಬ ಸಾಲಿಗೆ ಬರುತ್ತಾರೆ. ಆ ಸಾಲೆಲ್ಲಿ ಎಂದು ಕೇಳಿದಾಗ ಆಕೆ ಕೀಬೋರ್ಡನ್ನೇ ನೋಡುತ್ತ, ‘ಸೂಪರಿಂಟೆಂಡೆಂಟ್ ಸಾಹೇಬ್ರು, ಇದೇನಮ್ಮ ಮೇಲಿನವರಿಗೆ ಖಾಲಿ ಖಾಲಿ ಅಂತ ತೋರಿಸ್ತೀಯಾ, ತೆಗಿ ಅಂದ್ರು. ಕೋಡಲ್ಲೇ ಮರೆಮಾಡಿಬಿಟ್ಟೆ ಸಾರ್. ಮರೆಮಾಡಿದ್ರೆ ಒಟ್ಟಿನಿಂದ್ಲೂ ಹೋಗುತ್ತೆ ಅಂತ ಹೊಳೀಲಿಲ್ಲ’ ಎಂದರು. ಆಮೇಲೆ ಒಂದು ಸಾಲು ಕೋಡ್ ಅಳಿಸಿ ಬಟನ್ ಒತ್ತಿದರು.

1.04ಕ್ಕೆ ಹಾಳೆ ಹೊರಬಂತು. ಖಾಲಿ: 4. ಎರಡನೆಯ ಹೆಸರು ಅಕ್ಕನದು. ಒಟ್ಟು 118. ನಾನು ಎರಡು ಸಲ ಕೂಡಿ ನೋಡಿದೆನು. ಡೇಟಾಬೇಸಿನ ಷರಾ ಕಾಲಮ್ಮಿನಲ್ಲಿ ‘ಮಂಚ ಜೋಡಿಸಿಲ್ಲ, ಸದ್ಯಕ್ಕೆ ಫಿಸಿಯೋಥೆರಪಿ ಹಾಲ್’ ಎಂದು ಬೆಳಿಗ್ಗೆ 8.20ಕ್ಕೇ ಬರೆದಿತ್ತು.

ವಿಚಾರಣೆ ಕೌಂಟರಿನಿಂದ ಸದರಿ ಹಾಲಿಗೆ ಮೂವತ್ತೆರಡು ಹೆಜ್ಜೆ. ಬಾಗಿಲಿಗೆ ‘ಪ್ರವೇಶವಿಲ್ಲ’ ಎಂಬ ಚೀಟಿ ಅಂಟಿಸಿತ್ತು. ಒಳಗೆ ನಾಲ್ವರೂ ಗಾಲಿಕುರ್ಚಿಗಳಲ್ಲಿ ಕುಳಿತಿದ್ದರು. ಹತ್ತು ನಿಮಿಷ ಕೂತಿರಿ ಎಂದು ಕೂರಿಸಿದ ಅಟೆಂಡರ್ ಪಾಳಿ ಮುಗಿಸಿ ಮನೆಗೆ ಹೋಗಿದ್ದನು. ಊಟದ ಗಾಡಿಯೂ ಅದೇ ಹಾಳೆಯ ಲೆಕ್ಕದಲ್ಲಿ ಹೋಗುವುದರಿಂದ ಇವರಿಗೆ ಊಟ ಬಂದಿರಲಿಲ್ಲ. ಒಬ್ಬರ ಬಳಿಯಿದ್ದ ಬಿಸ್ಕತ್ ಪೊಟ್ಟಣವನ್ನು ಅಕ್ಕ ನಾಲ್ಕು ಪಾಲು ಮಾಡಿದ್ದರು.

ನನ್ನನ್ನು ಕಂಡು ಅಕ್ಕ, ‘ಬೆಳಿಗ್ಗೆ ಬರ್ತೀನಿ ಅಂದೋನು ಈಗ ಬರ್ತಿದ್ದೀಯೇನೋ, ಕನ್ನಡಕ ತಂದ್ಯಾ?’ ಎಂದರು. ಕನ್ನಡಕ ಹಾಕಿಕೊಂಡು ಹೆಡ್ ಕಾನ್‌ಸ್ಟೆಬಲರನ್ನು ಮೇಲಿಂದ ಕೆಳಗೆ ನೋಡಿ, ‘ಏನು ಮಾಡ್ಕೊಂಡ್ಯೋ?’ ಎಂದು ನನ್ನನ್ನೇ ಕೇಳಿದರು.

1.25ಕ್ಕೆ ನರ್ಸ್ ಸಕ್ಕರೆ ಪರೀಕ್ಷಿಸಿ ಗಾಬರಿಯಿಲ್ಲವೆಂದರು. ಊಟ ಬಂತು. ಸೂಪರಿಂಟೆಂಡೆಂಟರೂ ಬಂದು, ಸಣ್ಣದೊಂದು ತಾಂತ್ರಿಕ ತೊಂದರೆ ಎಂದರು. ‘ಸಣ್ಣದು ಅಂದ್ರೆ ನಾನೇನಾ ಸ್ವಾಮಿ?’ ಎಂದು ಅಕ್ಕ ಅನ್ನ ಕಲಸುತ್ತಲೇ ಕೇಳಿದರು.

ಅಕ್ಕ ಸಿಕ್ಕಿರುವುದರಿಂದ ನನ್ನ ದೂರನ್ನು ಮುಕ್ತಾಯಗೊಳಿಸಬೇಕು. ಆಪರೇಟರ್ ಮೇಲೆ ಕ್ರಮ ಬೇಡ. ಖಾಲಿ ಸಾಲನ್ನು ಇನ್ನು ಮುಂದೆ ಮರೆಮಾಡುವುದಿಲ್ಲವೆಂದು ಸೂಪರಿಂಟೆಂಡೆಂಟರಿಂದ ಬರೆಸಿಕೊಳ್ಳಬೇಕು. ಇಂದಿನ 114ರ ಹಾಳೆ, 118ರ ಹಾಳೆ ಎರಡನ್ನೂ ಲಗತ್ತಿಸಿದ್ದೇನೆ.

ಅಕ್ಕನಿಗೆ ಮಂಚ ಸಿಗುವವರೆಗೆ ನಾನು ಏಳುವುದಿಲ್ಲವೆಂದಿದ್ದರಿಂದ ಈ ಹೇಳಿಕೆಯನ್ನು ಹಾಲಿನಲ್ಲಿಯೇ ಬರೆದುಕೊಳ್ಳಲಾಗಿದೆ. ಬರೆದದ್ದನ್ನು ನಾನೇ ಓದಿ ಮೂರು ಕಡೆ ಕಾಗುಣಿತ ತಿದ್ದಿದ್ದೇನೆ. ಸಂಗತಿಯಲ್ಲಿ ತಿದ್ದುವಂಥದ್ದಿಲ್ಲ, ಎಲ್ಲವೂ ನಡೆದದ್ದು ನಡೆದಂತೆಯೇ ಇದೆ.

ಸ್ಥಳ: ಫಿಸಿಯೋಥೆರಪಿ ಹಾಲ್
ದಿನಾಂಕ: ದೂರಿನ ದಿನವೇ, ಮಧ್ಯಾಹ್ನ 2.35
ಹೇಳಿಕೆದಾರನ ಸಹಿ: (ಸಹಿ ಇದೆ)
ಸಾಕ್ಷಿಯ ಸಹಿ: (ಸಹಿ ಇದೆ) ಹೇಳಿಕೆದಾರನ ಅಕ್ಕ, ಕಾಣೆಯಾಗಿದ್ದವರು